ಬೆಳಕಿನ ಲೆಕ್ಕ ತಾಳೆಯಾಗುವ ಕೋನ

ಮಕ್ಕಳೇ, ಐನೂರು ರೂಪಾಯಿ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದು ನೋಡಿದ್ದೀರಾ? ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ, ದೊಡ್ಡ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟ ಡಬ್ಬಿಯಂಥ ದೀಪ ಇಟ್ಟಿರುತ್ತಾರಲ್ಲ, ಅದೇ. ಅದರ ಕೆಳಗೆ ನೋಟಿನ ನಂಬರು ಹೊಳೆಯುತ್ತದೆ. ಕಾಗದದೊಳಗೆ ಅಲ್ಲಲ್ಲಿ ಸಣ್ಣ ಎಳೆಗಳು ಮಿಂಚುತ್ತವೆ. ಉಳಿದ ಕಾಗದ ಮಂಕಾಗಿಯೇ ಇರುತ್ತದೆ. ಸಾದಾ ಕಾಗದದ ಮೇಲೆ ಅಚ್ಚು ಹಾಕಿದ ಖೋಟಾ ನೋಟಾದರೆ ಕಾಗದಕ್ಕೆ ಕಾಗದವೇ ತೆಳು ನೀಲಿಯಾಗಿ ಬೆಳಗಿಬಿಡುತ್ತದೆ. ಏಕೆಂದರೆ ಸಾದಾ ಕಾಗದ ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ನಿಮ್ಮ ಅಮ್ಮ ಬಟ್ಟೆಗೆ ಹಾಕುವ ಸೋಪಿನ ಪುಡಿಯಲ್ಲಿಯೂ ಅಂಥದು ಇರುವುದುಂಟು.

ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಅಡಿಗೆಮನೆಯಲ್ಲಿಯೂ ಇದನ್ನು ನೋಡಬಹುದು. ಒಂದು ಚಿಟಿಕೆ ಅರಿಸಿನವನ್ನು ಎರಡು ಚಮಚ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ದೀಪ ಆರಿಸಿ, ನೋಟು ನೋಡುವ ಟಾರ್ಚನ್ನು ಅದರ ಮೇಲೆ ಬಿಡಿ. ಹಳದಿ ಎಣ್ಣೆ ಹಸಿರು ಹಸಿರಾಗಿ ಬೆಳಗುತ್ತದೆ. ಟಾರ್ಚಿನ ಬೆಳಕನ್ನು ಮಾತ್ರ ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರಲಿ.

ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆ ಎಂದು ಕೇಳಬೇಡಿ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗಲಾರದ ಜಾತಿ ನಮ್ಮದು. ಬೆಳಕಿನ ಲೆಕ್ಕವೂ ಕೆಲವು ಸಲ ತಾಳೆಯಾಗುವುದಿಲ್ಲ, ಅದನ್ನು ಸರಿಮಾಡಲು ಒಂದು ಉಪಾಯವಿದೆ ಎಂದು ತಿಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ.

ಮೊದಲು ಅಜ್ಜ ಅಜ್ಜಿಯರಿಗೆ ಗೊತ್ತಿರುವ ವಸ್ತುವಿನಿಂದ ಶುರುಮಾಡೋಣ. ಕ್ವಿನೈನ್. ಚಳಿಜ್ವರಕ್ಕೆ ಕೊಡುತ್ತಿದ್ದ, ನಾಲಗೆಯ ಮೇಲಿಟ್ಟರೆ ಮುಖ ಕಿವುಚುವಷ್ಟು ಕಹಿಯಾದ ಮದ್ದು. 1845ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ನೀರಿನಂತೆ ತಿಳಿಯಾದ ಕ್ವಿನೈನ್ ದ್ರಾವಣವನ್ನು ಬಿಸಿಲಿನಲ್ಲಿ ಹಿಡಿದಾಗ ಅದರ ಮೇಲ್ಭಾಗದಲ್ಲಿ ಚೆಂದದ ನೀಲಿ ಹೊಳಪು ಕಂಡರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಗುಟ್ಟು ಬಿಡಿಸಿದರು. ಅವರು ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಹರಡಿ, ಕ್ವಿನೈನ್ ತುಂಬಿದ ಕೊಳವೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಮೆಲ್ಲಗೆ ಸರಿಸುತ್ತ ಹೋದರು. ಬಣ್ಣ ಕಾಣುವಷ್ಟು ದೂರವೂ ಕೊಳವೆ ಹೆಚ್ಚುಕಡಿಮೆ ಸುಮ್ಮನಿತ್ತು. ನೇರಳೆ ಮುಗಿದು, ಏನೂ ಕಾಣದ ಕತ್ತಲಿಗೆ ಹೋದಾಗ ಕೊಳವೆ ನೀಲಿಯಾಗಿ ಬೆಳಗಿತು! ಪ್ರತಿದೀಪ್ತಿಗೆ ಇಂಗ್ಲಿಷಿನ ಫ್ಲೂರೆಸೆನ್ಸ್ ಎಂಬ ಹೆಸರಿಟ್ಟವರೂ ಸ್ಟೋಕ್ಸ್ ಅವರೇ. ಫ್ಲೂರ್‌ಸ್ಪಾರ್ ಎಂಬ ಕಲ್ಲಿಗೂ ಈ ಗುಣವಿದ್ದುದರಿಂದ ಆ ಹೆಸರು.

ಈಗ ಕಥೆಯ ಮಜಾ ನೋಡಿ. ಅದೇ 1852ರಲ್ಲಿ ಬ್ರಿಸ್ಟಲ್ ಊರಿನಲ್ಲಿ ವಿಲಿಯಂ ಹೆರಪಾತ್ ಎಂಬ ವೈದ್ಯರಿದ್ದರು. ಅವರ ಶಿಷ್ಯನೊಬ್ಬ ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಹಾಕಿದ. (ನಗಬೇಡಿ, ವೈದ್ಯರ ಮನೆಯಲ್ಲಿ ಇಂಥದೆಲ್ಲ ನಡೆಯುತ್ತದೆ.) ಮೂತ್ರದಲ್ಲಿ ಪುಟ್ಟ ಹಸಿರು ಹರಳುಗಳು ಮೂಡಿದವು. ಹೆರಪಾತ್ ಅವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಎರಡು ಹರಳು ಒಂದರ ಮೇಲೊಂದು ಅಡ್ಡ ಬಿದ್ದ ಕಡೆ ಕಪ್ಪಗೆ ಕಾಣುತ್ತಿತ್ತು, ನೇರವಾಗಿ ಬಿದ್ದ ಕಡೆ ಬೆಳಕು ಹಾಯುತ್ತಿತ್ತು. ಒಂದೊಂದೂ ಪಾರದರ್ಶಕವಾದ ಎರಡು ವಸ್ತು ಸೇರಿ ಕತ್ತಲಾಗುವುದೆಂದರೆ ಹೇಗೆ?

ಇದು ತಿಳಿಯಲು ಒಂದು ಹಗ್ಗ ಸಾಕು. ಹಗ್ಗದ ತುದಿಯನ್ನು ಹೊರಗೆ ಗಿಡಕ್ಕೆ ಕಟ್ಟಿ, ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ತೂರಿಸಿ, ಒಳಗಿನಿಂದ ಅಲ್ಲಾಡಿಸಿ. ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಸರಳು ದಾಟಿ ಗಿಡದವರೆಗೂ ಹೋಗುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸರಳಿಗೆ ಬಡಿದು ನಿಲ್ಲುತ್ತದೆ. ಬೆಳಕೂ ಅಲೆಯೇ. ಸೂರ್ಯನ ಬೆಳಕು, ಬಲ್ಬಿನ ಬೆಳಕು ಎಲ್ಲ ದಿಕ್ಕಿಗೂ ಕಂಪಿಸುತ್ತ ಬರುತ್ತದೆ. ಕಿಟಕಿಯ ಸರಳಿನ ಹಾಗೆ ಒಂದೇ ದಿಕ್ಕಿನ ಕಂಪನವನ್ನು ಬಿಟ್ಟು ಉಳಿದದ್ದನ್ನು ತಡೆಯುವ ವಸ್ತುವೇ ಪೋಲರೈಸರ್. ಹಾಗೆ ಹೊರಬಂದ ಒಂದೇ ದಿಕ್ಕಿನ ಬೆಳಕಿಗೆ ಧ್ರುವೀಕೃತ ಬೆಳಕು ಎನ್ನುತ್ತಾರೆ.

ಹೆರಪಾತರ ಹರಳು ಬಹಳ ಚಿಕ್ಕದು, ಮುಟ್ಟಿದರೆ ಪುಡಿ. ಎಪ್ಪತ್ತೈದು ವರ್ಷ ಯಾರಿಗೂ ಹೆಚ್ಚು ಪ್ರಯೋಜನವಾಗಲಿಲ್ಲ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ಹುಡುಗ ಕೆಲಿಡಿಯೋಸ್ಕೋಪಿನ ಬಗ್ಗೆ ಒಂದು ಹಳೆಯ ಪುಸ್ತಕ ಓದುವಾಗ ಈ ಹರಳಿನ ಸುದ್ದಿ ಸಿಕ್ಕಿತು. ದೊಡ್ಡ ಹರಳು ಬೆಳೆಸುವ ಬದಲು ಸಣ್ಣ ಹರಳುಗಳನ್ನೇ ಇನ್ನೂ ನುಣ್ಣಗೆ ಅರೆದು, ಅರಗಿನಂಥ ದ್ರವದಲ್ಲಿ ಕಲಸಿ, ಎಲ್ಲವೂ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುವಂತೆ ಮಾಡಿದರೆ ಹೇಗೆ ಎಂದು ಅವನು ಯೋಚಿಸಿದ. ಕಾಲೇಜು ಬಿಟ್ಟು ಅದನ್ನೇ ಮಾಡಿದ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವನ ವಯಸ್ಸು ಹತ್ತೊಂಬತ್ತು. ಪೋಲರಾಯ್ಡ್ ಎಂಬ ಹೆಸರು ಅಲ್ಲಿಂದ ಬಂತು. ಈಗಿನ ಪೋಲರಾಯ್ಡ್ ಹಾಳೆಗಳಲ್ಲಿ ಕ್ವಿನೈನ್ ಇಲ್ಲ, ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ಕಿಗೆ ಅಯೋಡಿನ್ ಹಿಡಿಸಿರುತ್ತಾರೆ. ನಾಯಿಗಳು ನಿಶ್ಚಿಂತೆಯಾಗಿರಬಹುದು.

ನಿಮ್ಮಪ್ಪನ ತಂಪು ಕನ್ನಡಕ ಪೋಲರಾಯ್ಡ್ ಆಗಿದ್ದರೆ ಕ್ಯಾಲ್ಕುಲೇಟರಿನ ಪರದೆಯನ್ನು ಅದರ ಮೂಲಕ ನೋಡುತ್ತ ಕನ್ನಡಕವನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಪರದೆಯ ಮೇಲೂ ಅಂಥದೇ ಒಂದು ಹಾಳೆ ಅಂಟಿಸಿದ್ದಾರೆ, ಅದಕ್ಕೇ.

ಸರಿ, ಕ್ವಿನೈನಿನಿಂದ ಹುಟ್ಟಿದ ಈ ಎರಡು ಕಥೆಗಳು ಒಂದು ಯಂತ್ರದೊಳಗೆ ಮತ್ತೆ ಭೇಟಿಯಾಗುತ್ತವೆ. ಆ ಯಂತ್ರಕ್ಕೆ ಫ್ಲೂರೊಮೀಟರ್ ಎನ್ನುತ್ತಾರೆ. ಒಂದು ಕಡೆಯಿಂದ ಬೆಳಕು ಬರುತ್ತದೆ. ನಡುವೆ ಚೌಕನೆಯ ಪುಟ್ಟ ಗಾಜಿನ ಕೊಳಗದಲ್ಲಿ ನಾವು ಪರೀಕ್ಷಿಸಬೇಕಾದ ದ್ರಾವಣ. ಅದು ಬೆಳಗುತ್ತದೆ. ಆ ಹೊಳಪನ್ನು ಅಳೆಯುವ ಕಣ್ಣು ಎದುರಿಗೆ ಕೂರುವುದಿಲ್ಲ, ಬಗಲಿಗೆ, ಲಂಬಕೋನದಲ್ಲಿ ಕೂರುತ್ತದೆ. ಎದುರಿಗೆ ಕೂತರೆ ದೀಪದ ಬೆಳಕೇ ಕಣ್ಣು ಕುಕ್ಕುತ್ತದಲ್ಲ! ಹೊಳಪು ಈ ಕಣ್ಣಿಗೆ ಹೋಗುವ ಮುಂಚೆ ಒಂದು ಗೀರುಫಲಕಕ್ಕೆ ಬಿದ್ದು ಬಣ್ಣಬಣ್ಣವಾಗಿ ಬೇರೆಯಾಗುತ್ತದೆ. ಸಿ.ಡಿ. ತಟ್ಟೆಯ ಮೇಲೆ ಕಾಮನಬಿಲ್ಲು ಕಾಣುತ್ತದಲ್ಲ, ಅದೇ ತತ್ವ. ಸಿ.ಡಿ.ಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 625 ಗೆರೆಗಳಿವೆ. ಪ್ರಯೋಗಾಲಯದ ಫಲಕದಲ್ಲಿ 1200 ಇರುವುದು ಸಾಮಾನ್ಯ. ಯಾವ ಬಣ್ಣ ಎಷ್ಟು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಔಷಧಿ, ನೀರಿನ ಕಲ್ಮಶ, ಜೀವಕೋಶದ ಪ್ರೋಟೀನು, ಹೀಗೆ ಎಷ್ಟೋ ವಸ್ತುಗಳನ್ನು ಆ ಗೆರೆಯ ಆಕಾರ ನೋಡಿಯೇ ಗುರುತಿಸುತ್ತಾರೆ, ಎತ್ತರ ನೋಡಿ ಎಷ್ಟಿದೆ ಎಂದು ಹೇಳುತ್ತಾರೆ. ಗೆರೆ ತಪ್ಪಿದರೆ ತೀರ್ಮಾನವೂ ತಪ್ಪು.

ಎಂ.ಎಸ್ಸಿ. ಓದುತ್ತಿರುವ ನನ್ನ ಮೊಮ್ಮಗಳಿಗೆ ಆದದ್ದೂ ಅದೇ. ಗ್ಲಿಸರಿನ್‌ನಲ್ಲಿ ಕರಗಿಸಿದ ಒಂದು ಬಣ್ಣದ ಗೆರೆಯಲ್ಲಿ ಒಂದು ಕಡೆ ಸಣ್ಣ ತಗ್ಗು ಬಿತ್ತು. ನೀರಿನಲ್ಲಿ ಕರಗಿಸಿದರೆ ಆ ತಗ್ಗು ಇಲ್ಲ. ಗ್ಲಿಸರಿನ್ ಜೊತೆ ಸೇರಿ ಬಣ್ಣ ಬೇರೆ ಏನೋ ಆಗಿದೆ, ಇದು ಹೊಸ ವಿಷಯ ಎಂದು ಗೆಳತಿಯರಿಗೆಲ್ಲ ಸಂಭ್ರಮ. ಬರೆದು ಕಳಿಸುವುದೊಂದೇ ಬಾಕಿ. ಅವರ ಮೇಡಂ ಗೆರೆ ನೋಡಿ, "ಪೋಲರೈಸರ್ ಹಾಕಿದ್ದಿರೇನಮ್ಮ?" ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಹಾಕಿ ಅಳೆದರೆ ತಗ್ಗು ಮಾಯ.

ತಗ್ಗು ಬಂದದ್ದು ಎಲ್ಲಿಂದ? ಅಣುಗಳಿಗೂ ದಿಕ್ಕಿದೆ. ಹೊಳೆಯುವ ಅಣು ಎಂದರೆ ಒಂದು ಸಣ್ಣ ಕಡ್ಡಿ ಎಂದುಕೊಳ್ಳಿ. ಮೇಲೆ ಕೆಳಗೆ ಕಂಪಿಸುವ ಬೆಳಕು ಬಂದರೆ, ನೆಟ್ಟಗೆ ನಿಂತ ಕಡ್ಡಿಗಳು ಅದನ್ನು ಚೆನ್ನಾಗಿ ನುಂಗುತ್ತವೆ, ಮಲಗಿದ ಕಡ್ಡಿಗಳಿಗೆ ಅದು ದಕ್ಕುವುದಿಲ್ಲ. ನುಂಗಿದ ಕಡ್ಡಿ ಬೆಳಕನ್ನು ವಾಪಸು ಬಿಡಲು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವು ಭಾಗಗಳಷ್ಟು ಹೊತ್ತು ಬೇಕು. ನೀರಿನಂಥ ತೆಳು ದ್ರವದಲ್ಲಿ ಸಣ್ಣ ಅಣು ಅಷ್ಟರೊಳಗೆ ಎಷ್ಟೋ ಸಲ ಪಲ್ಟಿ ಹೊಡೆದಿರುತ್ತದೆ. ಹಾಗಾಗಿ ಹೊರಗೆ ಬರುವ ಬೆಳಕಿಗೆ ದಿಕ್ಕೇ ಇರುವುದಿಲ್ಲ. ಗ್ಲಿಸರಿನ್‌ನಂಥ ಗಟ್ಟಿ ದ್ರವದಲ್ಲಿ ಜೇನುತುಪ್ಪದಲ್ಲಿ ಬಿದ್ದ ಇರುವೆಯ ಹಾಗೆ ಅಣು ಅಲ್ಲಾಡಲಾರದು. ನೆಟ್ಟಗಿದ್ದದ್ದು ನೆಟ್ಟಗೇ ಇದ್ದು ಬೆಳಗುತ್ತದೆ. ಆಗ ಹೊರಬರುವ ಹೊಳಪು ಧ್ರುವೀಕೃತ. ದ್ರವದ ಗಟ್ಟಿತನಕ್ಕೂ ಇದಕ್ಕೂ ಇರುವ ಲೆಕ್ಕವನ್ನು 1926ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಪೆರಿನ್ ಬರೆದುಕೊಟ್ಟರು. ಅದೇ ವರ್ಷ ಅವರ ತಂದೆ ಜಾನ್ ಪೆರಿನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನೆತನದ ಕಸುಬು!

ಇನ್ನು ಗೀರುಫಲಕದ ಪಕ್ಷಪಾತ. ಗೆರೆಗಳ ಉದ್ದಕ್ಕೆ ಕಂಪಿಸುವ ಬೆಳಕನ್ನೂ ಗೆರೆಗಳಿಗೆ ಅಡ್ಡಲಾಗಿ ಕಂಪಿಸುವ ಬೆಳಕನ್ನೂ ಅದು ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಕೆಲವು ಬಣ್ಣಗಳಲ್ಲಿ ಈ ವ್ಯತ್ಯಾಸ ಥಟ್ಟನೆ ಏರುತ್ತದೆ, ಇಳಿಯುತ್ತದೆ. ಅಮೆರಿಕದ ರಾಬರ್ಟ್ ವುಡ್ 1902ರಲ್ಲೇ ಇದನ್ನು ಕಂಡು ಬೆರಗಾಗಿದ್ದರು. ಇಂದಿಗೂ ಅದಕ್ಕೆ ವುಡ್ ಅವರ ಹೆಸರೇ ಇದೆ. ಯಂತ್ರ ತಯಾರಿಸಿದವರಿಗೆ ಇದು ಗೊತ್ತಿಲ್ಲವೆಂದಲ್ಲ. ಯಾವ ಬಣ್ಣಕ್ಕೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂದು ತಿದ್ದುಪಡಿ ಪಟ್ಟಿ ಕೊಟ್ಟಿರುತ್ತಾರೆ. ಆದರೆ ಆ ಪಟ್ಟಿ ತಯಾರಿಸಿದ್ದು ದಿಕ್ಕಿಲ್ಲದ ಬೆಳಕಿನಿಂದ. ದಿಕ್ಕಿರುವ ಬೆಳಕು ಬಂದಾಗ ಅದೇ ಪಟ್ಟಿ ಹಚ್ಚಿದರೆ, ಹೋದ ವರ್ಷದ ಬಡ್ಡಿದರದಲ್ಲಿ ಈ ವರ್ಷದ ಬಡ್ಡಿ ಹಾಕಿದಂತೆ. ತಗ್ಗು ಬಿದ್ದದ್ದು ಹೀಗೆ. ಅದು ಬಣ್ಣದ ಗುಣವಲ್ಲ, ಯಂತ್ರದ್ದು. ಕಣ್ಣಿನ ಮುಂದೆ ಒಂದು ಪೋಲರೈಸರನ್ನು ಒಂದೇ ಕೋನದಲ್ಲಿ ಭದ್ರವಾಗಿಟ್ಟರೆ, ಏನೇ ಅಳೆಯಲಿ, ಗೀರುಫಲಕಕ್ಕೆ ಯಾವಾಗಲೂ ಅದೇ ದಿಕ್ಕಿನ ಬೆಳಕು ಹೋಗುತ್ತದೆ. ತಿದ್ದುಪಡಿ ಪಟ್ಟಿಯನ್ನೂ ಅದೇ ಕೋನದಲ್ಲಿ ತಯಾರಿಸಿಕೊಂಡರೆ ಆಯಿತು.

ಸರಿ, ಯಾವ ಕೋನ? ನನ್ನಂಥ ಗುಮಾಸ್ತನಿಗೆ ಇಷ್ಟವಾದ ಭಾಗ ಇದು. "ತಾತ, ಮೂರು ಖಾತೆ ಅಂದ್ಕೊಳ್ಳಿ, ನಿಮಗೆ ಥಟ್ಟನೆ ಹೊಳೆಯುತ್ತೆ" ಎಂದಳು ಮೊಮ್ಮಗಳು. ದ್ರಾವಣದಿಂದ ಬರುವ ಒಟ್ಟು ಹೊಳಪು 600 ರೂಪಾಯಿ ಎನ್ನಿ. ಅದು ಮೂರು ಖಾತೆಗಳಲ್ಲಿದೆ. ಮೇಲೆ ಕೆಳಗೆ ಕಂಪಿಸುವುದು ಒಂದು, ಎಡಕ್ಕೆ ಬಲಕ್ಕೆ ಒಂದು, ಅಳೆಯುವ ಕಣ್ಣಿನ ಕಡೆಗೆ ಹಿಂದೆ ಮುಂದೆ ಒಂದು. ಈ ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಹಗ್ಗವನ್ನು ಉದ್ದಕ್ಕೆ ಹಿಂದೆ ಮುಂದೆ ಜಗ್ಗಿದರೆ ಅಲೆ ಏಳುವುದಿಲ್ಲವಲ್ಲ, ಹಾಗೆ. ಅಂದರೆ ಬಗಲಿಗೆ ಕೂತ ಕಣ್ಣಿಗೆ ಮೂರರಲ್ಲಿ ಎರಡೇ ಖಾತೆ ಕಾಣುವುದು.

ತೆಳು ದ್ರವದಲ್ಲಿ ಅಣುಗಳು ಪಲ್ಟಿ ಹೊಡೆದು ಮೂರೂ ಖಾತೆಯಲ್ಲಿ 200, 200, 200 ಸಮನಾಗಿ ಹಂಚಿಹೋಗುತ್ತವೆ. ಕಣ್ಣಿಗೆ ಕಂಡದ್ದು 400. ಅಣುಗಳು ಅಲ್ಲಾಡಲಾರದಷ್ಟು ದ್ರವ ಗಟ್ಟಿಯಾಗಿದ್ದರೆ, ನೆಟ್ಟಗಿನ ಬೆಳಕಿನಿಂದ ಬೆಳಗಿಸಿದಾಗ, ಮೇಲೆ ಕೆಳಗಿನ ಖಾತೆಯಲ್ಲಿ 360, ಉಳಿದ ಎರಡರಲ್ಲಿ 120, 120. ಇದು ಇರಬಹುದಾದ ಅತಿ ಹೆಚ್ಚಿನ ವ್ಯತ್ಯಾಸ. ಈಗ ಕಣ್ಣಿಗೆ ಕಂಡದ್ದು 480. ನೋಡಿದಿರಾ? ಎರಡರಲ್ಲೂ ಇರುವ ಹೊಳಪು 600 ರೂಪಾಯಿಯೇ. ಆದರೆ ಯಂತ್ರ ಒಂದಕ್ಕೆ ಶೇಕಡಾ 20 ಹೆಚ್ಚು ಬರೆದುಬಿಟ್ಟಿತು. ನನ್ನ ಕೌಂಟರಿನಲ್ಲಿ ನೂರಕ್ಕೆ ಇಪ್ಪತ್ತು ಹೆಚ್ಚು ಬಂದಿದ್ದರೆ ಆ ರಾತ್ರಿ ಶಾಖೆಯ ದೀಪ ಆರುತ್ತಿರಲಿಲ್ಲ.

ಕಾಣದ ಖಾತೆಯನ್ನು ಲೆಕ್ಕಕ್ಕೆ ತರುವುದು ಹೇಗೆ? ಒಂದು ಅನುಕೂಲವಿದೆ. ಬೆಳಗಿಸುವ ಬೆಳಕಿಗೂ ಒಂದು ಪೋಲರೈಸರ್ ಹಾಕಿ ಅದನ್ನು ಸರಿಯಾಗಿ ನೆಟ್ಟಗೆ ಇಟ್ಟರೆ, ಕಾಣದ ಹಿಂದೆ ಮುಂದಿನ ಖಾತೆಯೂ ಕಾಣುವ ಎಡಬಲದ ಖಾತೆಯೂ ಯಾವಾಗಲೂ ಸಮ. ಆದ್ದರಿಂದ ಎಡಬಲದ್ದನ್ನು ಎರಡು ಸಲ ಬರೆದು, ಮೇಲೆ ಕೆಳಗಿನದನ್ನು ಒಂದು ಸಲ ಬರೆದರೆ ಒಟ್ಟು ಮೊತ್ತ ಸಿಕ್ಕಿತು. ಒಂದಕ್ಕೆ ಎರಡರ ಲೆಕ್ಕ.

ಈ ಬರವಣಿಗೆಯನ್ನು ಪೋಲರೈಸರ್ ತಾನೇ ಮಾಡುತ್ತದೆ. ಕಣ್ಣಿನ ಮುಂದಿನ ಪೋಲರೈಸರನ್ನು ನೆಟ್ಟಗಿಟ್ಟರೆ ಮೇಲೆ ಕೆಳಗಿನದು ಪೂರ್ತಿ ಹಾಯುತ್ತದೆ, ಎಡಬಲದ್ದು ಸೊನ್ನೆ. 90 ಡಿಗ್ರಿ ತಿರುಗಿಸಿದರೆ ಉಲ್ಟಾ. 45ಕ್ಕೆ ಇಟ್ಟರೆ ಎರಡೂ ಅರ್ಧ ಅರ್ಧ. ಇನ್ನು ಸ್ವಲ್ಪ ಮುಂದೆ, 54.7 ಡಿಗ್ರಿಗೆ ಬಂದಾಗ ಮೇಲೆ ಕೆಳಗಿನದರಲ್ಲಿ ಮೂರರಲ್ಲೊಂದು ಪಾಲು, ಎಡಬಲದ್ದರಲ್ಲಿ ಮೂರರಲ್ಲೆರಡು ಪಾಲು ಹಾಯುತ್ತದೆ. ಒಂದಕ್ಕೆ ಎರಡು! ತಿರುಗಿಸಿದರೆ ಎಷ್ಟು ಪಾಲು ಹಾಯುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಮಾಲೂಸ್ 1809ರಲ್ಲೇ ಕೊಟ್ಟಿದ್ದರು. ಈಗ ತಾಳೆ ನೋಡಿ. ಗಟ್ಟಿ ದ್ರವದಲ್ಲಿ 360ರ ಮೂರನೇ ಒಂದು 120, 120ರ ಮೂರನೇ ಎರಡು 80, ಕೂಡಿದರೆ 200. ತೆಳು ದ್ರವದಲ್ಲಿ 200ರ ಮೂರನೇ ಒಂದು, 200ರ ಮೂರನೇ ಎರಡು, ಕೂಡಿದರೆ ಅದೂ 200. ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಡಿಮೆಯಿಲ್ಲ. ಕಾಗದದ ಮೇಲೆ ಇದು ತಾಳೆಯಾದಾಗ ನಾನು ಕಾಫಿ ಆರಿಹೋದದ್ದನ್ನೂ ಗಮನಿಸಲಿಲ್ಲ.

ಪ್ರಯೋಗಾಲಯದವರು ಇದನ್ನು ಮಾಯಾಕೋನ ಎಂದು ಕರೆಯುತ್ತಾರೆ. ನನಗೇನೋ ಆ ಹೆಸರು ಅಷ್ಟು ಒಪ್ಪುವುದಿಲ್ಲ. ಇದರಲ್ಲಿ ಮಾಯೆ ಏನೂ ಇಲ್ಲ, ಶುದ್ಧ ಲೆಕ್ಕ. ಬೇಕಾದರೆ ನೀವೇ ಎಳೆದು ನೋಡಿ. 10 ಸೆಂಟಿಮೀಟರಿನ ಒಂದು ಚೌಕ ಬರೆದು ಅದರ ಕರ್ಣ ಅಳೆಯಿರಿ, 14.1 ಬರುತ್ತದೆ. ಈಗ ಬೇರೊಂದು ಹಾಳೆಯಲ್ಲಿ 14.1 ಸೆಂಟಿಮೀಟರಿನ ಅಡ್ಡಗೆರೆ, ಅದರ ಒಂದು ತುದಿಯಿಂದ 10 ಸೆಂಟಿಮೀಟರಿನ ನೆಟ್ಟಗೆರೆ ಎಳೆದು ತ್ರಿಕೋನ ಮುಚ್ಚಿ. ನೆಟ್ಟಗೆರೆಯ ಮೇಲ್ತುದಿಯಲ್ಲಿರುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. 55ಕ್ಕೆ ಕೂದಲೆಳೆಯಷ್ಟು ಕಡಿಮೆ. ಪಗಡೆಯ ದಾಳದಂಥ ಘನದ ಒಂದು ಮೂಲೆಯಿಂದ, ಒಳಗೇ ಹಾದು, ತೀರಾ ಎದುರಿನ ಮೂಲೆಗೆ ಒಂದು ಕಡ್ಡಿ ಚುಚ್ಚಿದರೆ ಅದು ನೆಟ್ಟನೆಯ ಅಂಚಿನೊಡನೆ ಮಾಡುವ ಕೋನವೂ ಇದೇ. ಮೂರೂ ದಿಕ್ಕಿಗೆ ಸಮನಾಗಿ ವಾಲಿರುವ ಕಡ್ಡಿ ಅದು. ಮೂರು ಖಾತೆಗಳಿಗೂ ನ್ಯಾಯ ಸಿಗಬೇಕೆಂದರೆ ಇನ್ನಾವ ಕೋನ ಬಂದೀತು?

ಇದಕ್ಕೆ ಬೆಲೆಯೂ ತೆರಬೇಕು. ಎರಡು ಪೋಲರೈಸರ್ ಹಾಕಿದರೆ ಬೆಳಕು ಬಹಳಷ್ಟು ಕಡಿಮೆಯಾಗುತ್ತದೆ. ಮಂಕಾಗಿ ಹೊಳೆಯುವ ದ್ರಾವಣವಾದರೆ ಅಳೆಯಲು ಹೆಚ್ಚು ಹೊತ್ತು ಕಾಯಬೇಕು. ನೇರಳಾತೀತ ಬೆಳಕನ್ನು ಪೋಲರಾಯ್ಡ್ ಹಾಳೆಗಳು ನುಂಗಿಬಿಡುವುದರಿಂದ ಕ್ಯಾಲ್ಸೈಟ್ ಹರಳಿನಿಂದ ಮಾಡಿದ ದುಬಾರಿ ಪೋಲರೈಸರ್‌ಗಳೇ ಬೇಕು. ಹಾಗಾಗಿ ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೂ ಇದ್ದಾರೆ. ನೀರಿನಲ್ಲಿ ಕರಗಿದ ಸಣ್ಣ ಅಣುಗಳಿಗೆ ಬಿಟ್ಟರೂ ನಡೆದೀತು. ಗಟ್ಟಿ ದ್ರವ, ದೊಡ್ಡ ಪ್ರೋಟೀನಿಗೆ ಅಂಟಿದ ಬಣ್ಣ, ಪ್ಲಾಸ್ಟಿಕ್ಕಿನಲ್ಲಿ ಸಿಕ್ಕಿಕೊಂಡ ಬಣ್ಣ, ಇಂಥವಕ್ಕೆ ಬಿಡುವಂತಿಲ್ಲ.

ಪೋಲರೈಸರ್ ಒಂದು ಕಾಲದಲ್ಲಿ ನಮ್ಮ ದೇಶದ ಮಾನವನ್ನೇ ಉಳಿಸಿದೆ ಎಂದರೆ ನಂಬುತ್ತೀರಾ? ಆಮೇಲೆ ಬೆಂಗಳೂರಿಗೆ ಬಂದು ಇಲ್ಲಿಯವರೇ ಆಗಿಹೋದ ಸಿ.ವಿ. ರಾಮನ್ ಆಗ ಕಲ್ಕತ್ತೆಯಲ್ಲಿದ್ದರು. ದ್ರವಗಳಿಂದ ಚದುರಿ ಬರುವ ಬೆಳಕಿನಲ್ಲಿ ತೀರಾ ಮಂಕಾದ ಬೇರೊಂದು ಬಣ್ಣ ಅವರ ತಂಡಕ್ಕೆ ಕಾಣುತ್ತಿತ್ತು. ಏನೋ ಕಲ್ಮಶದ ಪ್ರತಿದೀಪ್ತಿ ಇರಬೇಕು ಎಂದು ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಬಣ್ಣ ಹೋಗಲಿಲ್ಲ. ಕೊನೆಗೆ ಆ ಬೆಳಕು ಬಲವಾಗಿ ಧ್ರುವೀಕೃತವಾಗಿದೆ ಎಂದು ಕಂಡಿತು. ತೆಳು ದ್ರವದಲ್ಲಿ ಪಲ್ಟಿ ಹೊಡೆಯುವ ಅಣುಗಳ ಪ್ರತಿದೀಪ್ತಿ ಹಾಗಿರುವುದಿಲ್ಲ ಎಂದು ಈಗ ನಿಮಗೂ ಗೊತ್ತು. 1928ರ ಮಾರ್ಚ್ 31ರ ನೇಚರ್ ಪತ್ರಿಕೆಯಲ್ಲಿ ಬಂದ ರಾಮನ್ ಮತ್ತು ಕೃಷ್ಣನ್ ಅವರ ಪುಟ್ಟ ಬರಹದಲ್ಲಿ, ಇದು ಪ್ರತಿದೀಪ್ತಿಯಲ್ಲ ಎನ್ನಲು ಕೊಟ್ಟ ಕಾರಣಗಳಲ್ಲಿ ಈ ಧ್ರುವೀಕರಣವೂ ಒಂದು. ಎರಡು ವರ್ಷಕ್ಕೆ ನೊಬೆಲ್ ಬಂತು. ಅಂದು ಆ ಬೆಳಕನ್ನು ಕಲ್ಮಶದ ಖಾತೆಗೆ ಬರೆದು ಪುಸ್ತಕ ಮುಚ್ಚಿದ್ದರೆ?

ಆಸ್ಪತ್ರೆಯಲ್ಲಿ ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆ ರಕ್ತದಲ್ಲಿ ಕಡಿಮೆಯಾದರೆ ಫಿಟ್ಸ್ ಬರುತ್ತದೆ, ಹೆಚ್ಚಾದರೆ ತಲೆಸುತ್ತಿ ಬೀಳುತ್ತಾರೆ. ಎಷ್ಟಿದೆ ಎಂದು ಅಳೆಯಲು ಅದೇ ಔಷಧಿಗೆ ಹೊಳೆಯುವ ಬಾಲ ಅಂಟಿಸಿ, ಅದನ್ನು ಹಿಡಿದುಕೊಳ್ಳುವ ದೊಡ್ಡ ಪ್ರೋಟೀನಿನ ಜೊತೆ ರೋಗಿಯ ರಕ್ತದ ಮಾದರಿಗೆ ಬಿಡುತ್ತಾರೆ. ರಕ್ತದಲ್ಲಿ ಔಷಧಿ ಕಡಿಮೆ ಇದ್ದರೆ ಬಾಲದ ಔಷಧಿ ಪ್ರೋಟೀನಿಗೆ ಅಂಟಿ ನಿಧಾನಕ್ಕೆ ತಿರುಗುತ್ತದೆ, ಹೊಳಪು ಧ್ರುವೀಕೃತವಾಗುತ್ತದೆ. ಹೆಚ್ಚಿದ್ದರೆ ರೋಗಿಯ ಔಷಧಿಯೇ ಆ ಜಾಗ ಹಿಡಿದು, ಬಾಲದ ಔಷಧಿ ಬೀದಿಪಾಲಾಗಿ ಗಿರಗಿರನೆ ತಿರುಗುತ್ತದೆ. ಇಲ್ಲಿ ಪೋಲರೈಸರನ್ನು ಮಾಯಾಕೋನದಲ್ಲಿ ಇಡುವುದಿಲ್ಲ. ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ ಇಟ್ಟು ಎರಡು ಖಾತೆಗಳ ವ್ಯತ್ಯಾಸವನ್ನೇ ನೋಡುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಯಾವುದಾದರೂ ಪ್ರಯೋಗಾಲಯದಲ್ಲಿ ಫ್ಲೂರೊಮೀಟರ್ ಕಂಡರೆ, ಅಲ್ಲಿ ನಿಂತ ಅಕ್ಕನನ್ನೋ ಅಣ್ಣನನ್ನೋ ಮೆಲ್ಲಗೆ ಕೇಳಿ: "ಪೋಲರೈಸರ್ ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ?" ಅವರ ಮುಖ ಅರಳುವುದನ್ನು ನೋಡಿ.